ಓಡಿಸು ಅಂದವನ ಸಹಿ ಎಲ್ಲಿ?

ಸೈನ್ಯದ ಲಾರಿಯೊಂದು ಎಲ್ಲೋ ಬೆಟ್ಟದ ರಸ್ತೆಯಲ್ಲಿ ಕಮರಿಗೆ ಬಿತ್ತು ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಎರಡು ಮಾತು ಕೇಳಿಸುತ್ತೆ. ಒಂದು, "ಡ್ರೈವರ್ ನಿದ್ದೆ ಹೊಡೆದಿರಬೇಕು". ಇನ್ನೊಂದು, "ಓಬೀರಾಯನ ಕಾಲದ ಗಾಡಿಗಳು ಸ್ವಾಮಿ, ರಿಪೇರಿ ಎಲ್ಲಾ ಕಂಪನಿಯವರಿಗೆ ಕೊಟ್ಟುಬಿಡಬೇಕು". ಮೊದಲನೆಯದು ಹೇಳೋರು ಬೆಟ್ಟದ ರಸ್ತೆಯಲ್ಲಿ ಲಾರಿ ಓಡಿಸಿದವರಲ್ಲ. ಎರಡನೆಯದು ಹೇಳೋರು ತಮ್ಮ ಕಾರು ಸರ್ವೀಸಿಗೆ ಬಿಟ್ಟು, ಬಿಲ್ ನೋಡಿ ಎದೆ ಹಿಡಿದುಕೊಂಡವರೇ. ಆದರೂ ಹೇಳ್ತಾರೆ!

ನಾನು ಇಪ್ಪತ್ತು ವರ್ಷ ಇ.ಎಂ.ಇ.ಯಲ್ಲಿ, ಅಂದರೆ ಸೈನ್ಯದ ರಿಪೇರಿ ಕೋರಿನಲ್ಲಿ, ವೆಹಿಕಲ್ ಮೆಕ್ಯಾನಿಕ್ ಆಗಿದ್ದವನು. ಈಗ ಮಾರೇನಹಳ್ಳಿಯಲ್ಲಿದ್ದೀನಿ. ಜೆ.ಪಿ. ನಗರದ ಹತ್ತಿರದ್ದಲ್ಲ, ವಿಜಯನಗರದ ಪಕ್ಕದ್ದು. (ಆಟೋದವರಿಗೆ ದಿನಾ ಹೇಳಿ ಹೇಳಿ ಅಭ್ಯಾಸ ಆಗಿಹೋಗಿದೆ, ನಿಮಗೂ ಹೇಳಿಬಿಟ್ಟೆ :-) ) ಈ ವಿಷಯದಲ್ಲಿ ನನಗೆ ಒಂದು ತಕರಾರಿದೆ. ತುಂಬಾ ದಿನದಿಂದ ಒಳಗೇ ಇಟ್ಟುಕೊಂಡಿದ್ದೆ, ಇವತ್ತು ಬರೆದೇ ಬಿಡ್ತೀನಿ.

ಸೈನ್ಯದಲ್ಲಿ ರಿಪೇರಿಗೆ ಮೆಟ್ಟಿಲುಗಳಿವೆ. ಇದೇನೂ ರಾಕೆಟ್ ವಿಜ್ಞಾನ ಅಲ್ಲ. ನಮ್ಮ ಕೆ.ಎಸ್.ಆರ್.ಟಿ.ಸಿ. ಬಸ್ಸನ್ನೇ ನೋಡಿ. ಡಿಪೋದಲ್ಲಿ ದಿನದ ತಪಾಸಣೆ, ಗ್ರೀಸು, ಟೈರು. ಅದಕ್ಕಿಂತ ದೊಡ್ಡದಾದರೆ ವಿಭಾಗದ ವರ್ಕ್‌ಶಾಪು. ಇಂಜಿನ್ನನ್ನೇ ಬಿಚ್ಚಿ ಹೊಸದರಂತೆ ಮಾಡಬೇಕಾದರೆ ಕೆಂಗೇರಿಯಲ್ಲಿರೋ ಪ್ರಾದೇಶಿಕ ಕಾರ್ಯಾಗಾರದಂಥ ಜಾಗ. ಸೈನ್ಯದಲ್ಲೂ ಹೀಗೇ. ತಳದಲ್ಲಿ ಯೂನಿಟ್ ರಿಪೇರಿ: ಡ್ರೈವರು, ಮತ್ತು ಯೂನಿಟ್ಟಿನ ಜೊತೆಗೇ ಇರೋ ನಮ್ಮಂಥ ನಾಲ್ಕು ಜನ. ಅದರ ಮೇಲೆ ಫೀಲ್ಡ್ ರಿಪೇರಿ, ಅಲ್ಲಿ ಇಂಜಿನ್ನು, ಗೇರ್‌ಬಾಕ್ಸನ್ನೇ ಇಳಿಸಿ ಬೇರೆಯದು ಕೂರಿಸ್ತಾರೆ. ಎಲ್ಲಕ್ಕಿಂತ ಮೇಲೆ ಬೇಸ್ ರಿಪೇರಿ, ಅಂದರೆ ಪೂರ್ತಿ ಓವರ್‌ಹಾಲ್. ಅದಕ್ಕೆ ಆರ್ಮಿ ಬೇಸ್ ವರ್ಕ್‌ಶಾಪುಗಳು: ದೆಹಲಿ, ಜಬಲ್ಪುರ, ಕಂಕಿನಾರಾ, ಅಲಹಾಬಾದು, ಆಗ್ರಾ, ಮೀರತ್, ಪುಣೆಯ ಖಡ್ಕಿ, ಮತ್ತೆ ನಮ್ಮ ಹಲಸೂರಿನ 515. ಹಲಸೂರು ಕೆರೆ ಹತ್ತಿರ ಓಡಾಡೋ ಎಷ್ಟೋ ಜನಕ್ಕೆ ಆ ಕಾಂಪೌಂಡಿನೊಳಗೆ ಏನಿದೆ ಅನ್ನೋದೇ ಗೊತ್ತಿಲ್ಲ.

ಈ ಮೆಟ್ಟಿಲುಗಳಿಗೆ ಒಂದು ಕತೆಯಿದೆ. ಎರಡನೇ ಮಹಾಯುದ್ಧದ ಕಾಲದವರೆಗೂ ರಿಪೇರಿ ಅನ್ನೋದು ಹಂಚಿಹೋಗಿತ್ತು. ಆರ್ಡ್ನೆನ್ಸ್ ಕೋರಿನ ವರ್ಕ್‌ಶಾಪುಗಳೇ ಬೇರೆ, ಸಾಗಣೆ ನೋಡಿಕೊಳ್ಳೋ ಸರ್ವೀಸ್ ಕೋರಿನ ವರ್ಕ್‌ಶಾಪುಗಳೇ ಬೇರೆ. ಕೆಟ್ಟು ನಿಂತ ಗಾಡಿ ಯಾರದ್ದು ಅನ್ನೋ ಜಗಳಕ್ಕೆ ಅದಕ್ಕಿಂತ ಒಳ್ಳೇ ಏರ್ಪಾಡು ಬೇಕಾ? ಬ್ರಿಟಿಷರು ತಮ್ಮ ಸೈನ್ಯದಲ್ಲಿ 1942ರ ಅಕ್ಟೋಬರಿನಲ್ಲಿ ಇದಕ್ಕೇ ಅಂತ ಪ್ರತ್ಯೇಕ ಕೋರು ಕಟ್ಟಿದರು. 1943ರ ಮೇ 1ಕ್ಕೆ ಇಲ್ಲೂ ಆಯಿತು. ಅದೇ ವರ್ಷದ ಅಕ್ಟೋಬರ್ 15 ನಮ್ಮ ಕೋರಿನ ಹಬ್ಬದ ದಿನ, ಈಗಲೂ. ಅಮೆರಿಕದವರು ಆಗ ಐದು ಮೆಟ್ಟಿಲು ಇಟ್ಟುಕೊಂಡಿದ್ದರು. ಆಮೇಲೆ ಕಡಿಮೆ ಮಾಡುತ್ತಾ ಬಂದು, ಎರಡು ಸಾವಿರದ ನಂತರದ ವರ್ಷಗಳಲ್ಲಿ ಎರಡೇ ಮೆಟ್ಟಿಲಿಗೆ ಇಳಿಸಿದರು. ಮೆಟ್ಟಿಲು ಎಷ್ಟಿರಬೇಕು ಅನ್ನೋ ಚರ್ಚೆ ಮುಗಿಯೋದಿಲ್ಲ, ಅದು ಮುಗಿಯಬೇಕು ಅಂತ ನನಗೂ ಇಲ್ಲ. ನನ್ನ ತಕರಾರು ಬೇರೆ. ಪಟ್ಟಿಯಲ್ಲಿ ಡ್ರೈವರ್ ಇದ್ದಾನೆ, ಮೆಕ್ಯಾನಿಕ್ ಇದ್ದಾನೆ, ವರ್ಕ್‌ಶಾಪ್ ಇದೆ, ಬೇಸ್ ಇದೆ. ಕೆಟ್ಟಿದೆ ಅಂತ ಗೊತ್ತಿದ್ದೂ "ಹೋಗಲಿ, ಓಡಿಸು" ಅಂದವನು ಎಲ್ಲಿದ್ದಾನೆ?

ತಳದ ಮೆಟ್ಟಿಲಿನ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಹೊರಗಿನವರಿಗೆ ಇದು ಕಾಣೋದೇ ಇಲ್ಲ. ಸೈನ್ಯದ ಡ್ರೈವರ್ ಅಂದರೆ ಕೀಲಿ ತಿರುಗಿಸಿ ಹೊರಡೋನಲ್ಲ. ಬೆಳಗ್ಗೆ ಗಾಡಿ ತೆಗೆಯೋ ಮುಂಚೆ ಫಸ್ಟ್ ಪರೇಡ್. ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕಿದೆಯಾ, ರೇಡಿಯೇಟರಿನಲ್ಲಿ ನೀರಿದೆಯಾ, ಫ್ಯಾನ್ ಬೆಲ್ಟ್ ಸಡಿಲಾಗಿದೆಯಾ, ಬ್ಯಾಟರಿ, ಟೈರ್ ಗಾಳಿ, ಚಕ್ರದ ನಟ್ಟು, ಲೈಟು, ಹಾರನ್ನು, ಕೊನೆಗೆ ಬ್ರೇಕು. ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್: ಹಬ್ಬಿನ ಮೇಲೆ ಕೈಯಿಟ್ಟು ನೋಡು, ಬಿಸಿ ಜಾಸ್ತಿ ಇದೆಯಾ? ಸಂಜೆ ವಾಪಸ್ ಬಂದಮೇಲೆ ಲಾಸ್ಟ್ ಪರೇಡ್. ಇದೆಲ್ಲದರ ಜೊತೆಗೆ ಕಾರ್ ಡೈರಿ ಅನ್ನೋ ಪುಸ್ತಕ. ಲಾರಿಯಾದರೂ ಅದರ ಹೆಸರು ಕಾರ್ ಡೈರಿಯೇ. ಎಷ್ಟು ಕಿಲೋಮೀಟರು, ಯಾವ ಕೆಲಸಕ್ಕೆ, ಯಾರ ಸಹಿ, ಎಲ್ಲ ಅದರಲ್ಲಿ.

ಲಡಾಖಿನಂಥ ಕಡೆ ಇದೇ ಕೆಲಸ ಬೇರೆ ಥರ. ರಾತ್ರಿ ಚಳಿಗೆ ಡೀಸೆಲ್ಲು ಮೇಣದ ಹಾಗೆ ಕಟ್ಟಿಕೊಳ್ಳುತ್ತೆ. ಬೆಳಗ್ಗೆ ಎದ್ದು ಇಂಜಿನ್ನಿನ ಅಡಿಗೆ ಬೆಂಕಿ ಹಿಡಿದು ಎಣ್ಣೆ ಕರಗಿಸಬೇಕು. ಇಂಡಿಯನ್ ಆಯಿಲ್‌ನವರು ಮೈನಸ್ 33 ಡಿಗ್ರಿವರೆಗೂ ಹೆಪ್ಪುಗಟ್ಟದ ಚಳಿಗಾಲದ ಡೀಸೆಲ್ಲು ಅಲ್ಲಿಗೆ ತಂದಿದ್ದು 2019ರ ನವೆಂಬರಿನಲ್ಲಿ. ಅಲ್ಲಿವರೆಗೂ ಆ ಗಾಡಿಗಳನ್ನ ಬೆಳಗ್ಗೆ ಎಬ್ಬಿಸುತ್ತಿದ್ದವನು ಯಾವ ಮೆಟ್ಟಿಲಿನವನು ಹೇಳಿ? ತಳದವನೇ. ಕೈಯಲ್ಲಿ ಏನಿರುತ್ತೆ ಅವನ ಹತ್ತಿರ? ಸ್ಪ್ಯಾನರಿನ ಒಂದು ಚೀಲ, ಜಾಕು, ಗ್ರೀಸ್ ಗನ್ನು, ಒರೆಸೋ ಬಟ್ಟೆ. ಬಿಡಿಭಾಗ ಇಲ್ಲ. ಅದನ್ನ ತರಿಸೋ ಅಧಿಕಾರ ಇಲ್ಲ. ಇವತ್ತು ಗಾಡಿ ತೆಗೆಯಲ್ಲ ಅನ್ನೋ ಅಧಿಕಾರ? ಕಾಗದದ ಮೇಲೆ ಇರಬಹುದು. ಇಪ್ಪತ್ತೆರಡು ವರ್ಷದ ಸಿಪಾಯಿಯೊಬ್ಬ ಸಾಲಾಗಿ ನಿಂತಿರೋ ಕಾನ್ವಾಯ್ ಎದುರು ಅದನ್ನ ಬಳಸಿ ತೋರಿಸಲಿ, ನೋಡೋಣ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳ್ತೀನಿ. ಯೂನಿಟ್ಟಿನ ಹೆಸರು ಬೇಡ, ಊರಿನ ಹೆಸರೂ ಬೇಡ. ಈಶಾನ್ಯದ ಬೆಟ್ಟ ಸೀಮೆ ಅಂದರೆ ಸಾಕು. ಗಾಡಿ ಒಂದು ಟನ್ನಿನ ನಿಸ್ಸಾನು, ಜಬಲ್ಪುರದಲ್ಲಿ ಮಾಡ್ತಿದ್ದರಲ್ಲ, ಅದು. ಡ್ರೈವರು ಬೈಲಹೊಂಗಲದ ಕಡೆಯ ಹುಡುಗ. ನಾವಿಬ್ಬರೇ ಕನ್ನಡದವರು ಅಲ್ಲಿ, ಹಾಗಾಗಿ ಸಂಜೆ ಹೊತ್ತು ನನ್ನ ಹತ್ತಿರ ಬಂದು ಕೂರ್ತಿದ್ದ. ಒಂದು ದಿನ ಬಂದು "ಅಣ್ಣಾ, ಬ್ರೇಕ್ ಒಂದ್ ಸಲಾ ತುಳದ್ರ ಹಿಡಿವಲ್ದು, ಎರಡ್ ಸಲಾ ತುಳಿಬೇಕ" ಅಂದ. ಹೋಗಿ ಚಕ್ರ ಬಿಚ್ಚಿದೆ. ಹಿಂದಿನ ಒಂದು ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ಹೋಗಿ ಎಣ್ಣೆ ಜಿನುಗ್ತಾ ಇದೆ. ಬರೀ ಒಂದು ರಬ್ಬರ್ ಕಪ್ಪು ಸ್ವಾಮಿ, ಹೆಬ್ಬೆರಳಿನಷ್ಟು ದಪ್ಪದ್ದು!

ನಮ್ಮ ಸ್ಟೋರಿನಲ್ಲಿ ಆ ಕಿಟ್ ಇರಲಿಲ್ಲ. ಮೇಲಿನವರಿಗೆ ಡಿಮ್ಯಾಂಡ್ ಹೋಗಿತ್ತು, ಬಂದಿರಲಿಲ್ಲ. ಕೆಳಗಿನ ಪೇಟೆಯ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಸಿಗ್ತಿತ್ತು, ಕೆಲವೇ ರೂಪಾಯಿ. ಆದರೆ ಅಂಗಡಿಯಲ್ಲಿ ಕೊಳ್ಳೋದಕ್ಕೆ ಮಂಜೂರಾತಿ ಬೇಕು, ಅದಕ್ಕೊಂದು ಕಾಗದ, ಆ ಕಾಗದಕ್ಕೊಂದು ಸಹಿ, ಸಹಿ ಮಾಡೋರು ರಜದಲ್ಲಿ. ಗಾಡಿ ಓಡಿಸಬಾರದು ಅಂತ ನಾನು ಬರೆದೆ. ಹುಡುಗನೂ ತನ್ನ ಕಾರ್ ಡೈರಿಯಲ್ಲಿ ಬ್ರೇಕ್ ಕಮ್ಮಿ ಇದೆ ಅಂತ ಬರೆದ. ಮೂರನೇ ದಿನ ಮೇಲಿನ ಪೋಸ್ಟಿಗೆ ರೇಷನ್ ಹೋಗಬೇಕು, ಇನ್ನೊಂದು ಗಾಡಿ ಆಗಲೇ ಕೆಟ್ಟು ನಿಂತಿದೆ. ಯಾರೋ ಬಂದರು. "ಚಲಾ ಲೇ, ಧೀರೇ ಜಾನಾ" ಅಂದರು. ಬಾಯಲ್ಲಿ ಅಂದರು, ಅಷ್ಟೇ.

ಇಳಿಜಾರಿನಲ್ಲಿ ಪೆಡಲ್ಲು ನೆಲಕ್ಕೆ ಕೂತಿತು. ಹುಡುಗ ಬುದ್ಧಿವಂತ, ಗೇರ್ ಇಳಿಸಿ ಗಾಡಿಯನ್ನ ಕಮರಿ ಕಡೆ ಬಿಡದೆ ಗುಡ್ಡಕ್ಕೇ ಉಜ್ಜಿ ನಿಲ್ಲಿಸಿದ. ಪಕ್ಕದಲ್ಲಿ ಕೂತವನ ಕಾಲು ಎರಡು ಕಡೆ ಮುರೀತು. ಯಾರೂ ಸಾಯಲಿಲ್ಲ, ಅದಕ್ಕೇ ಇವತ್ತು ಇಷ್ಟು ಸಮಾಧಾನದಿಂದ ಬರೀತಿದ್ದೀನಿ.

ವಿಚಾರಣೆ ನಡೀತು. ಮೊದಲ ಪ್ರಶ್ನೆ: ಫಸ್ಟ್ ಪರೇಡ್ ಮಾಡಿದ್ದೆಯಾ? ಮಾಡಿದ್ದೆ. ಬ್ರೇಕ್ ನೋಡಿದ್ದೆಯಾ? ನೋಡಿದ್ದೆ, ಬರೆದಿದ್ದೀನಿ. ಹಾಗಾದರೆ ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ಗಾಡಿ ತೆಗೆದೆಯಾ? ಈ ಪ್ರಶ್ನೆಗೆ ಅವನು ಏನು ಉತ್ತರ ಕೊಡಬೇಕು, ನೀವೇ ಹೇಳಿ. ಬರೆಯದೇ ಇದ್ದಿದ್ದರೆ ಬೇಜವಾಬ್ದಾರಿ. ಬರೆದಿದ್ದಕ್ಕೆ, ತಿಳಿದೂ ತಿಳಿದೂ ಮಾಡಿದ ತಪ್ಪು. ನಿಯಮ ಪಾಲಿಸಿದವನಿಗೆ ಅವನ ಸ್ವಂತ ಕೈಬರಹವೇ ಸಾಕ್ಷಿಯಾಗಿ ಎದುರು ನಿಂತಿತು. "ಚಲಾ ಲೇ" ಅಂದಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲವಲ್ಲ. ಹುಡುಗನಿಗೆ ಶಿಕ್ಷೆ ಆಯಿತು. ಅದಾದ ಮೇಲೆ ಆ ಯೂನಿಟ್ಟಿನ ಡ್ರೈವರುಗಳು ಡೈರಿಯಲ್ಲಿ ದೋಷ ಬರೆಯೋದನ್ನೇ ನಿಲ್ಲಿಸಿಬಿಟ್ಟರು. ಪ್ರತಿ ಪುಟದಲ್ಲೂ ಎಲ್ಲಾ ಸರಿ, ಎಲ್ಲಾ ಸರಿ. ತಪಾಸಣೆಗೆ ಬಂದವರು ಪುಸ್ತಕ ನೋಡಿ ಭೇಷ್ ಅಂದು ಹೋದರು.

ಈಗ ನನ್ನ ವಾದಕ್ಕೆ ಬರ್ತೀನಿ. ಯೂನಿಟ್ಟಿನ ಎಲ್ಲ ಗಾಡಿಗಳಿಗೂ ಕಮಾಂಡಿಂಗ್ ಆಫೀಸರೇ ಜವಾಬ್ದಾರಿ ಅನ್ನೋದು ನನಗೂ ಗೊತ್ತು, ಯಾರೂ ಪಾಠ ಹೇಳೋದು ಬೇಡ. ಎಲ್ಲದಕ್ಕೂ ಒಬ್ಬ ಜವಾಬ್ದಾರಿ ಅನ್ನೋದು ಬೇರೆ, ಇಂಥಾ ದಿನ, ಇಂಥಾ ಗಾಡಿ, ಇಂಥಾ ದೋಷ ಇದ್ದರೂ ಹೋಗಲಿ ಅಂತ ಒಬ್ಬ ಮನುಷ್ಯ ಹೆಸರು ಬರೆದು ಸಹಿ ಮಾಡೋದು ಬೇರೆ. ಅಮೆರಿಕದ ಸೈನ್ಯದಲ್ಲಿ ಇದಕ್ಕೊಂದು ಪದ್ಧತಿ ಇದೆ. ಓಡಿಸಲೇಬಾರದು ಅನ್ನೋಷ್ಟು ದೋಷ ಇದ್ದರೆ ತಪಾಸಣೆ ಹಾಳೆಯಲ್ಲಿ ಅದರ ಎದುರು ಇಂಟು ಗುರುತು. ಅಂಥಾ ಗಾಡಿಯನ್ನೂ ತುರ್ತಿಗೆ ಓಡಿಸಲೇಬೇಕು ಅಂದರೆ ಅಧಿಕಾರ ಇರೋರು ಅನುಮತಿ ಕೊಡಬೇಕು, ಆಗ ಇಂಟು ಗುರುತಿನ ಸುತ್ತ ಒಂದು ವೃತ್ತ ಬರೆದು, ಷರತ್ತುಗಳನ್ನೂ ಬರೀತಾರೆ. ಇಷ್ಟೇ ವೇಗ, ಇಷ್ಟೇ ದೂರ, ಈ ಒಂದೇ ಕೆಲಸ ಅಂತ. ವಿಮಾನಗಳಲ್ಲೂ ಅಷ್ಟೇ. ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು, ಯಾವುದು ಕೆಟ್ಟರೆ ಹಾರಬಾರದು ಅಂತ ಪಟ್ಟಿ ಇದೆ. ರಿಪೇರಿ ಮುಂದಕ್ಕೆ ಹಾಕಿದ ಇಂಜಿನಿಯರಿನ ಸಹಿ ಇರುತ್ತೆ, ಅದನ್ನ ನೋಡಿ ಒಪ್ಪಿಕೊಂಡೇ ಕ್ಯಾಪ್ಟನ್ ಹೊರಡೋದು. ನಾನಿದ್ದ ಕಡೆ ಕಾರ್ ಡೈರಿಯಲ್ಲಿ ಅಂಥ ಒಂದು ಕಾಲಂ ನಾನು ಕಾಣಲಿಲ್ಲ. ನಿಯಮ ಎಲ್ಲಾದರೂ ಇತ್ತೋ ಏನೋ, ಬೆಳಗ್ಗೆ ಐದು ಗಂಟೆಗೆ ಗಾಡಿ ಮುಂದೆ ನಿಂತವನ ಕೈಯಲ್ಲಂತೂ ಇರಲಿಲ್ಲ.

"ಯುದ್ಧದಲ್ಲಿ ಸಹಿ ಹಾಕ್ಕೊಂಡು ಕೂರೋಕಾಗುತ್ತಾ?" ಅಂತ ನನ್ನ ಹಳೇ ಮಿತ್ರರೊಬ್ಬರು ರೇಗಿದರು. ಆಗಲ್ಲ, ಒಪ್ತೀನಿ. ಗುಂಡು ಹಾರ್ತಿರೋ ಕಡೆ ಅರ್ಧ ಬ್ರೇಕಿನ ಗಾಡಿಯೂ ಹೋಗಬೇಕು, ಹೋಗುತ್ತೆ. 1999ರಲ್ಲಿ ಕಾರ್ಗಿಲ್ಲಿನಲ್ಲಿ ಬೋಫೋರ್ಸ್ ತೋಪುಗಳನ್ನ ಹೇಗೆ ನಡೆಸಿದರು ಅಂತ ಕೋರಿನ ಯಾರನ್ನ ಬೇಕಾದರೂ ಕೇಳಿ. ಆದರೆ ನಾನು ಹೇಳಿದ ಪ್ರಸಂಗ ಯುದ್ಧದ್ದಲ್ಲ. ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತ ಗಾಡಿ ಅದು. ಯುದ್ಧದ ಹೆಸರಿನಲ್ಲಿ ಶಾಂತಿಕಾಲದ ಸೋಮಾರಿತನಕ್ಕೆ ರಿಯಾಯಿತಿ ಕೇಳಬೇಡಿ.

ಇನ್ನು ಕಂಪನಿಗೆ ಕೊಡಿ ಅನ್ನೋರ ಸರದಿ. 2016ರಲ್ಲಿ ಲೆಫ್ಟಿನೆಂಟ್ ಜನರಲ್ ಶೇಕಟ್ಕರ್ ಸಮಿತಿ ವರದಿ ಕೊಟ್ಟಿತು. 2017ರ ಆಗಸ್ಟಿನಲ್ಲಿ ಸರ್ಕಾರ ಒಪ್ಪಿಕೊಂಡ ಮೊದಲ ಕಂತಿನ ಸುಧಾರಣೆಗಳಲ್ಲಿ ಸೈನ್ಯದ ರಿಪೇರಿ ಮೆಟ್ಟಿಲುಗಳನ್ನ ಮರುಜೋಡಿಸೋದೂ ಇತ್ತು: ಬೇಸ್ ವರ್ಕ್‌ಶಾಪು, ಅಡ್ವಾನ್ಸ್ ಬೇಸ್ ವರ್ಕ್‌ಶಾಪು, ಸ್ಟೇಷನ್ ವರ್ಕ್‌ಶಾಪು ಎಲ್ಲಾ. ಅದರ ಬೆನ್ನಿಗೇ 'ಗೋಕೋ' ಅನ್ನೋ ಮಂತ್ರ ಬಂತು. ಜಾಗ, ಯಂತ್ರ ಸರ್ಕಾರದ್ದು, ನಡೆಸೋದು ಗುತ್ತಿಗೆದಾರ. ನಾನು ಇದಕ್ಕೆ ಕಣ್ಣು ಮುಚ್ಚಿ ವಿರೋಧಿ ಅಲ್ಲ. ಬೇಸ್ ವರ್ಕ್‌ಶಾಪುಗಳ ಓವರ್‌ಹಾಲ್ ಗುರಿ ಮುಟ್ಟುತ್ತಿಲ್ಲ, ಬಿಡಿಭಾಗ ಸಮಯಕ್ಕೆ ಬರುತ್ತಿಲ್ಲ ಅಂತ ಸಿ.ಎ.ಜಿ.ಯೇ 2016ರಲ್ಲಿ ಬರೆದಿದೆ. ಓವರ್‌ಹಾಲಿಗೆ ಹೋದ ಗಾಡಿ ವಾಪಸ್ ಬರೋ ಹೊತ್ತಿಗೆ ಅದರ ಡ್ರೈವರ್ ಪೆನ್ಷನ್ನಿಗೆ ಹೋಗಿರ್ತಾನೆ ಅಂತ ನಾವೇ ಜೋಕು ಮಾಡ್ತಿದ್ವಿ. ಬಿ.ಎಂ.ಟಿ.ಸಿ.ಯ ಎಲೆಕ್ಟ್ರಿಕ್ ಬಸ್ಸುಗಳನ್ನ ನೋಡಿ. ಕಂಡಕ್ಟರು ನಿಗಮದವರು, ಬಸ್ಸು, ಡ್ರೈವರು, ಮೇಂಟೆನೆನ್ಸು ಎಲ್ಲಾ ಕಂಪನಿಯದ್ದು. ಡಿಪೋ ಹತ್ತು ಕಿಲೋಮೀಟರಿನೊಳಗೆ ಇದ್ದು, ರಸ್ತೆ ಟಾರಿದ್ದು, ಚಾರ್ಜರು ಇದ್ದರೆ ಅಂಥ ಏರ್ಪಾಡಿಗೊಂದು ಅರ್ಥ ಇದೆ.

ಆದರೆ ಕಂಪನಿ ಅನ್ನೋದು ಶಾಶ್ವತ ಅಂತ ಯಾರು ಹೇಳಿದ್ದು? 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಟಿ-72 ಟ್ಯಾಂಕಿನ ಬಿಡಿಭಾಗಕ್ಕೆ ನಮ್ಮವರು ಎಲ್ಲೆಲ್ಲಿ ಅಲೆದರು ಅಂತ ಹಳಬರಿಗೆ ನೆನಪಿದೆ. ಟಾಟ್ರಾ ಕತೆಯಂತೂ ನಮ್ಮ ಬೆಂಗಳೂರಿನದ್ದೇ. ಬೆಮೆಲ್ 1986ರಲ್ಲಿ ಜೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡಿಕೊಂಡು ತಂದ ಗಾಡಿ. ಚಾಸಿ ಅಂದರೆ ಮಧ್ಯೆ ಒಂದು ದಪ್ಪ ಕೊಳವೆ, ಅದರ ಎರಡೂ ಕಡೆ ಬೇರೆ ಬೇರೆಯಾಗಿ ಆಡೋ ಅರ್ಧ ಆಕ್ಸಲ್ಲುಗಳು, ಗಾಳಿಯಿಂದಲೇ ತಣಿಯೋ ಇಂಜಿನ್ನು, ಸ್ಟೀರಿಂಗು ಎಡಗಡೆ! ಮರುಭೂಮಿಯಲ್ಲಿ ಅದರ ಓಟ ನೋಡಬೇಕು, ಚಿನ್ನದಂಥ ಗಾಡಿ, ಅದರಲ್ಲಿ ಎರಡು ಮಾತಿಲ್ಲ. 2012ರ ಮಾರ್ಚಿನಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ತಮಗೆ 14 ಕೋಟಿ ಲಂಚದ ಆಮಿಷ ಬಂದಿತ್ತು ಅಂದರು. ಸಿ.ಬಿ.ಐ. ಬಂತು, ಪಾರ್ಲಿಮೆಂಟಿನಲ್ಲಿ ಗದ್ದಲ ಆಯಿತು. ಆ ಗದ್ದಲದ ದಿನಗಳಲ್ಲೂ ಸೈನ್ಯದಲ್ಲಿದ್ದ ಸಾವಿರಾರು ಟಾಟ್ರಾಗಳ ಎಣ್ಣೆ ಬದಲಾಯಿಸಬೇಕಿತ್ತು, ಹಬ್ಬು ಬಿಚ್ಚಬೇಕಿತ್ತು. ಮಾಡಿದವರು ಯಾರು? ಟಿ.ವಿ.ಯಲ್ಲಿ ಅವರ ಮುಖ ಬರಲಿಲ್ಲ.

ಗುತ್ತಿಗೆದಾರ ಬಂದರೆ ನನ್ನ ಪ್ರಶ್ನೆಗೆ ಉತ್ತರ ಸಿಗೋದಿಲ್ಲ, ಇನ್ನೊಂದು ಸಹಿ ಜಾಸ್ತಿ ಆಗುತ್ತೆ, ಅಷ್ಟೇ. ಗೇಟಿನಿಂದ ಹೊರಗೆ ಹೋಗುವಾಗ ಗಾಡಿ ಸರಿಯಿತ್ತು ಅಂತ ಅವನ ಕಾಗದ. ಬೆಳಗ್ಗೆ ನೋಡಿದಾಗ ಸರಿಯಿರಲಿಲ್ಲ ಅಂತ ಡ್ರೈವರಿನ ಕಾಗದ. ನಡುವೆ "ಚಲಾ ಲೇ" ಅಂದವರು ಹಾಗೇ ಗಾಳಿಯಲ್ಲಿ. ಹಲಸೂರಿನ ವರ್ಕ್‌ಶಾಪನ್ನ ಯಾರು ನಡೆಸಬೇಕು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳೋ ದೊಡ್ಡವರು, ಒಂದು ರಬ್ಬರ್ ಕಪ್ಪನ್ನ ಪೇಟೆಯಲ್ಲಿ ಕೊಳ್ಳೋ ಅಧಿಕಾರ ತಳದ ಮೆಟ್ಟಿಲಿಗೆ ಎಷ್ಟು ರೂಪಾಯಿವರೆಗೆ ಇರಬೇಕು ಅಂತ ಅರ್ಧ ದಿನ ಕೂತು ಯೋಚಿಸಿದರೆ ಹೆಚ್ಚು ಗಾಡಿ ಓಡ್ತವೆ. ನನಗಂತೂ ಇದರಲ್ಲಿ ಅನುಮಾನವಿಲ್ಲ.

ಇದು ಬರೀ ಸೈನ್ಯದ ಮಾತು ಅಂದ್ಕೋಬೇಡಿ. ಪೆನ್ಷನ್ನಿಗೆ ಬಂದಮೇಲೆ ನಾನು ಕೆಲವು ವರ್ಷ ಒಂದು ಖಾಸಗಿ ಟ್ರಾವೆಲ್ಸಿನ ಗಾಡಿಗಳನ್ನ ನೋಡಿಕೊಳ್ತಿದ್ದೆ. ಬೆಳಗ್ಗೆ ಸ್ಕೂಲ್ ಟ್ರಿಪ್ಪು, ಹಗಲು ಆಫೀಸು, ಶನಿವಾರ ಭಾನುವಾರ ಮದುವೆ, ತಿರುಪತಿ. ಗಾಡಿಗೆ ಪುರುಸೊತ್ತೇ ಇಲ್ಲ. ಅಲ್ಲೂ ಅದೇ, ಭಾಷೆ ಮಾತ್ರ ಬೇರೆ. "ಇವತ್ತೊಂದ್ ದಿನ ಅಡ್ಜಸ್ಟ್ ಮಾಡ್ಕೊ ಗುರೂ." ಅಲ್ಲಿ ನಾನೊಂದು ಕೆಲಸ ಮಾಡಿದ್ದೆ. ನೂರು ಪುಟದ ನೋಟ್‌ಬುಕ್ಕು ತಂದು, ಗೆರೆ ಎಳೆದು, ನಾಲ್ಕು ಕಾಲಂ ಮಾಡಿದೆ. ದೋಷ ಕಂಡವರು ಯಾರು, ಯಾರಿಗೆ ಹೇಳಿದರು, ಬಿಡಿಭಾಗ ಯಾಕೆ ಇಲ್ಲ, ದೋಷ ಇದ್ದರೂ ಓಡಿಸಲು ಹೇಳಿದವರ ಹೆಸರು, ಸಹಿ, ಹೊತ್ತು. ಡ್ರೈವರುಗಳಿಗೆ ಹೇಳಿದೆ, ನಾಲ್ಕನೇದು ಖಾಲಿ ಇದ್ದರೆ ಕೀಲಿ ತಗೋಬೇಡಿ ಅಂತ. ಮೊದಲ ವಾರ ಮಾಲೀಕರು ನಕ್ಕರು. ಎರಡನೇ ವಾರ ಒಂದು ಟೆಂಪೋ ಟ್ರಾವೆಲರಿಗೆ ಸಹಿ ಮಾಡೋ ಪ್ರಸಂಗ ಬಂತು. ಸ್ಟೀರಿಂಗಿನ ಬಾಲ್ ಜಾಯಿಂಟ್ ಸವೆದು ಆಡ್ತಿತ್ತು, ಮರುದಿನ ಧರ್ಮಸ್ಥಳ ಟ್ರಿಪ್ಪು, ಘಾಟಿ ರಸ್ತೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೇಬಿನಿಂದ ದುಡ್ಡು ತೆಗೆದು ಹುಡುಗನನ್ನ ಜೆ.ಸಿ. ರಸ್ತೆಗೆ ಓಡಿಸಿದರು. ಸಂಜೆ ಹೊತ್ತಿಗೆ ಜಾಯಿಂಟ್ ಬಂತು, ರಾತ್ರಿ ಹತ್ತಕ್ಕೆ ಕೂರಿಸಿದ್ವಿ.

ಆ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಕಾಲಂ ತುಂಬಿದ ಪುಟಗಳು ಕಡಿಮೆ, ಬೆರಳಲ್ಲಿ ಎಣಿಸಬಹುದು. ಸೈನ್ಯದಲ್ಲಿದ್ದ ಗೆಳೆಯರು, ಬಸ್ ಡಿಪೋಗಳಲ್ಲಿ ಕೆಲಸ ಮಾಡಿದವರು ಇದನ್ನ ಓದ್ತಿದ್ದರೆ ಒಂದು ಮಾತು ತಿಳಿಸಿ: ನೀವಿದ್ದ ಕಡೆ ಡ್ರೈವರಿನ ಪುಸ್ತಕದಲ್ಲಿ ಈ ನಾಲ್ಕನೇ ಕಾಲಂ ಇತ್ತಾ? ಇದ್ದರೆ, ಅದರಲ್ಲಿ ಯಾರಾದರೂ ಸಹಿ ಹಾಕಿದ್ದು ನೋಡಿದ್ದೀರಾ?